ಮನೆಯಿಂದ ಒಬ್ಬರು ಬಂದಿದ್ದರು

"ಅವತ್ತು ನಾನು ಹೊಸ್ತಿಲು ದಾಟಲಿಲ್ಲ, ಶಶಿಪ್ರಭಾ. ಹೊಸ್ತಿಲು ಬಿಡಿ, ಬಾವಿಕಟ್ಟೆಗೂ ಹೋಗಲಿಲ್ಲ. ಯಾರು ಬರೆದದ್ದು ಇದನ್ನು?"

ಜೈನಬಮ್ಮ ವರದಿಯನ್ನು ನನ್ನ ಕಡೆ ನೂಕಿದರು. 'ಹೊರಗಿನ ಸದಸ್ಯೆ ಶ್ರೀಮತಿ ಜೈನಬಮ್ಮ ಹಾಜರಿದ್ದು ವಿಚಾರಣೆಯಲ್ಲಿ ಭಾಗವಹಿಸಿದರು' ಎಂದಿತ್ತು. ಸುಳ್ಳು ಬರೆಯುವಾಗ ನಮ್ಮವರ ಭಾಷೆ ಎಷ್ಟು ಶುದ್ಧ ನೋಡಿ!

"ಆಗ ನೀವು ಇದ್ದತ್ ಕೂತಿದ್ದಿರಿ, ಅಲ್ವಾ?"

"ಮತ್ತೆ? ನಮ್ಮವರು ತೀರಿಹೋದದ್ದು ಡಿಸೆಂಬರಿನಲ್ಲಿ. ಈ ವಿಚಾರಣೆ ಜನವರಿಯಲ್ಲಿ. ನಾನು ಒಳಗಿನ ಕೋಣೆಯಲ್ಲಿ ಕುರ್‌ಆನ್ ಓದಿಕೊಂಡು ಕೂತಿದ್ದೆ. ಹಲ್ಲುನೋವು ಬಂದಾಗ ಡಾಕ್ಟ್ರೇ ಮನೆಗೆ ಬಂದು ಹೋದ್ರು. ಬೇಕಾದ್ರೆ ಊರನ್ನೇ ಕೇಳಿ."

ಗಂಡ ತೀರಿದ ಹೆಂಗಸು ನಾಲ್ಕು ತಿಂಗಳಿಗೂ ಮಿಕ್ಕಿ ಮನೆಯೊಳಗೇ ಇರುವ ಆಚರಣೆ ಅದು. ಬಂಟ್ವಾಳದಲ್ಲಿ ಎಸ್ಸೈ ಆಗಿದ್ದಾಗ ಇಂಥ ಮನೆಗಳಿಗೆ ನಾನೇ ಹೋಗಿ ಹೇಳಿಕೆ ಬರೆದುಕೊಂಡಿದ್ದೆ. ಈಗ ಖಾಕಿ ಬಿಚ್ಚಿಟ್ಟು ವಕೀಲರಿಗೆ ಪತ್ತೆ ಕೆಲಸ ಮಾಡಿಕೊಡುತ್ತೇನೆ. ನಾಲಿಗೆಗೆ ಮಾತ್ರ ಇನ್ನೂ ನಿವೃತ್ತಿ ಸಿಕ್ಕಿಲ್ಲ.

ಜೈನಬಮ್ಮ ಹೈಸ್ಕೂಲ್ ಟೀಚರ್ ಆಗಿದ್ದವರು. ಪಾಣೆಮಂಗಳೂರಿನ ಈ ಜಗಲಿಗೆ ಪೆಟ್ಟು ತಿಂದು ಬಂದ ಹೆಂಗಸರಲ್ಲಿ ಅವರ ಜಾತಿ, ಇವರ ಜಾತಿ ಎಂದು ಅವರು ಯಾವತ್ತೂ ನೋಡಿದವರಲ್ಲ. ಎಷ್ಟೋ ಗಂಡಂದಿರನ್ನು ನಾನು ಠಾಣೆಗೆ ಎಳೆದು ತಂದದ್ದು ಇವರ ಒಂದು ಫೋನಿನ ಮೇಲೆ. ಆ ಹೆಸರಿನ ತೂಕ ನೋಡಿಯೇ ಈ ವರದಿ ಬರೆದ ಮೂಡುಬಿದಿರೆಯ ಕಾಲೇಜಿನವರು ಇವರನ್ನು ಆಂತರಿಕ ದೂರು ಸಮಿತಿಗೆ ಹಾಕಿಕೊಂಡದ್ದು. ಹೆಸರು ಸಾಕಿತ್ತು ಅವರಿಗೆ, ಮನುಷ್ಯೆ ಬೇಕಿರಲಿಲ್ಲ.

"ಸುಪ್ರೀತಾ ಹೇಳ್ತಾಳೆ, ತಲೆಗೆ ಶಾಲು ಹೊದ್ದು ಮಾಸ್ಕ್ ಹಾಕಿದ ಒಬ್ಬರು ಹೆಂಗಸು ಕೂತಿದ್ರಂತೆ. ಇವರೇ ಜೈನಬಮ್ಮ ಅಂತ ಪರಿಚಯವೂ ಮಾಡಿದ್ರಂತೆ. ಕಡೆಯವರೆಗೂ ಬಾಯಿ ಬಿಡಲಿಲ್ಲವಂತೆ."

"ನಾನು? ಬಾಯಿ ಬಿಡದೆ?" ಜೈನಬಮ್ಮ ನಕ್ಕರು. ನಗು ಅರ್ಧಕ್ಕೇ ನಿಂತಿತು. "ನನ್ನ ಹೆಸರು ಇಟ್ಟುಕೊಂಡು ಆ ಬಾಲೆಯ ಎದುರು ಯಾರನ್ನು ಕೂರಿಸಿದ್ರು ಇವರು?"

ಅದೇ ನನಗೂ ಬೇಕಾದದ್ದು.

ನಾರಾವಿಯ ಸುಪ್ರೀತಾ, ಕೊನೆಯ ವರ್ಷದ ಬಿ.ಕಾಂ. ಪ್ರಾಜೆಕ್ಟ್ ತಿದ್ದುವ ನೆಪ ಹೇಳಿ ಕರೆಸಿಕೊಂಡ ವಿಭಾಗ ಮುಖ್ಯಸ್ಥ ಶೋಧನ್, ಕೋಣೆಯ ಬಾಗಿಲು ಹಾಕಿ ಅವಳ ಮೈಮೇಲೆ ಕೈ ಹಾಕಿದ. ಅವಳು ದೂರು ಕೊಟ್ಟಳು. ಶೋಧನ್ ಆಡಳಿತ ಮಂಡಳಿಯ ಅಧ್ಯಕ್ಷ ಶೇಖರರ ಅಳಿಯ. ಬಾಯಿ ಮುಚ್ಚಿಕೊಂಡು ಡಿಗ್ರಿ ಮುಗಿಸು ಎಂದು ತಿಳಿದವರೆಲ್ಲ ಹೇಳಿದ್ದರು. ಹುಡುಗಿ ತಿಳಿದವರನ್ನು ಬಿಟ್ಟು ಕಾನೂನನ್ನು ನಂಬಿದಳು.

ಇಲ್ಲಿ ಆಡಿದ ಮಾತು ಈ ಕೋಣೆಯ ಹೊರಗೆ ಹೋಗುವುದಿಲ್ಲ ಎಂದು ಸಮಿತಿ ಅವಳಿಗೆ ಮಾತು ಕೊಟ್ಟಿತ್ತು. ಅದನ್ನು ನಂಬಿ ಅವಳು ಇನ್ನೊಬ್ಬಳ ಹೆಸರು ಹೇಳಿದಳು. ಕಕ್ಕಿಂಜೆಯ ಅಕ್ಷಿತಾ, ಎರಡನೇ ವರ್ಷ. ಅವಳಿಗೂ ಅದೇ ಕೋಣೆ, ಅದೇ ಬಾಗಿಲು. ಮರುದಿನವೇ ಅಕ್ಷಿತಾಳ ಮನೆಯಂಗಳಕ್ಕೆ ಆಡಳಿತ ಮಂಡಳಿಯವರ ಕಾರು ಹೋಯಿತು. ಅಕ್ಷಿತಾ ತನಗೇನೂ ಗೊತ್ತಿಲ್ಲ ಎಂದುಬಿಟ್ಟಳು. ಸಾಕ್ಷಿ ಇಲ್ಲ, ಆದ್ದರಿಂದ ದೂರು ಸುಳ್ಳು. ಸುಳ್ಳು ದೂರು ಕೊಟ್ಟದ್ದಕ್ಕೆ ಹುಡುಗಿ ಕಾಲೇಜಿನಿಂದ ಹೊರಗೆ. ಸಮಿತಿಯ ಶಿಫಾರಸು ಇಷ್ಟೇ.

"ನಾಳೆ ಬೆಳಿಗ್ಗೆ ಆಡಳಿತ ಮಂಡಳಿ ಸೇರ್ತದೆ," ಎಂದೆ. "ಟಿ.ಸಿ. ಕೊಡ್ತಾರೆ. ಬರುವ ವಾರ ಪರೀಕ್ಷೆ. ಅವಳ ಓದು ಅಲ್ಲಿಗೆ ಮುಗಿಯಿತು."

"ನಾನು ಬರ್ತೇನೆ ನಾಳೆ." ಜೈನಬಮ್ಮ ಮೇಜಿನ ಮೇಲೆ ಅಂಗೈ ಬಡಿದರು. "ಅವರ ಮುಖಕ್ಕೇ ಹೇಳ್ತೇನೆ, ನಾನು ಬರಲಿಲ್ಲ ಅಂತ. ಮತ್ತೆ ಈ ವರದಿಗೆ ಎಂತ ಬೆಲೆ ಉಂಟು?"

ಬೆಲೆ ಇಲ್ಲ. ಒಳಗಿನವರೆಲ್ಲ ಆಡಳಿತ ಮಂಡಳಿಯ ಸಂಬಳ ತಿನ್ನುವವರು, ಅದಕ್ಕೇ ಹೊರಗಿನವರೊಬ್ಬರು ಇರಬೇಕು ಎಂದು ಕಾನೂನು ಹೇಳುವುದು. ಬೇರೆಯವರ ಹೆಸರಿನಲ್ಲಿ ಯಾರನ್ನೋ ಕೂರಿಸಿ ಮಾಡಿದ ವಿಚಾರಣೆ ಯಾವ ಕೋರ್ಟಿನಲ್ಲೂ ನಿಲ್ಲುವುದಿಲ್ಲ. ಮೊದಲಿನಿಂದ ಮಾಡಬೇಕು. ಅಷ್ಟರಲ್ಲಿ ಹುಡುಗಿ ಪರೀಕ್ಷೆ ಬರೆಯಬಹುದು. ಅದಕ್ಕೆಲ್ಲ ಬೇಕಾದದ್ದು ಜೈನಬಮ್ಮನ ಒಂದು ಮಾತು.

ಸೊಸೆ ಸಬೀಹಾ ಚಾ ತಂದಿಟ್ಟಳು. ಅವಳ ಗಂಡ ಬಾಸಿತ್ ಸೌದಿಯ ದಮಾಮ್‌ನಲ್ಲಿ. ಈ ಮನೆಯಲ್ಲಿ ಈಗ ಇರುವುದು ಅತ್ತೆ, ಸೊಸೆ ಇಬ್ಬರೇ. ಸಬೀಹಾ ಅದೇ ಸಂಸ್ಥೆಯ ಪುತ್ತಿಗೆಯ ಪಿಯು ಕಾಲೇಜಿನಲ್ಲಿ ತಾತ್ಕಾಲಿಕ ಉಪನ್ಯಾಸಕಿ.

"ಎಂಥ ಜನ ಮಾರಾಯ್ತಿ ನಿಮ್ಮ ಸಂಸ್ಥೆಯವರು?" ಎಂದು ಕೇಳಿದೆ.

"ನಾವು ಪುತ್ತಿಗೆಯಲ್ಲಿ ಅಲ್ವಾ ಮೇಡಂ. ಡಿಗ್ರಿಯವರದ್ದು ನಮಗೆ ಗೊತ್ತಾಗುವುದಿಲ್ಲ," ಎಂದು ಹೇಳಿ ಒಳಗೆ ಹೋದಳು.

*

ಸುಪ್ರೀತಾಳನ್ನು ಕಾಲೇಜಿನ ಗೇಟಿನ ಹೊರಗೆ ಕಾರಿನಲ್ಲೇ ಕೂರಿಸಿ ನಾನೊಬ್ಬಳೇ ಒಳಗೆ ಹೋದೆ. ಅವಳಿಗೆ ಗೇಟಿನೊಳಗೆ ಪ್ರವೇಶವಿಲ್ಲ. ಶೋಧನ್‌ಗೆ ಉಂಟು. ವರಾಂಡದಲ್ಲಿ ಎದುರಾದ, ನಮಸ್ಕಾರವನ್ನೂ ಮಾಡಿದ. ಒಳ್ಳೆಯ ಇಸ್ತ್ರಿಯ ಅಂಗಿ. ನಾನು ಮುಖ ತಿರುಗಿಸಿದೆ.

ಸಮಿತಿಯ ಅಧ್ಯಕ್ಷೆ ಚಂದ್ರಪ್ರಭಾ ಇತಿಹಾಸದ ಹಿರಿಯ ಪ್ರಾಧ್ಯಾಪಕಿ. ಮೆದು ಮಾತಿನವರು. ಅವರ ಬೆನ್ನ ಹಿಂದಿನ ಗೋಡೆಯಲ್ಲಿ 'ಕಿರುಕುಳ ಸಹಿಸಬೇಡಿ, ಧೈರ್ಯವಾಗಿ ದೂರು ನೀಡಿ' ಎಂಬ ಪೋಸ್ಟರ್, ಕೆಳಗೆ ಅವರದ್ದೇ ಫೋನ್ ನಂಬರು.

"ಕೂತ್ಕೊಳ್ಳಿ. ಚಾ ತರಿಸ್ಲಾ?"

"ಬೇಡ ಮೇಡಂ. ಒಂದೆರಡು ಸಂಶಯ ಉಂಟು, ಕೇಳಿಕೊಂಡು ಹೋಗ್ತೇನೆ. ವಿಚಾರಣೆಗೆ ಹೊರಗಿನ ಸದಸ್ಯೆ ಬಂದಿದ್ರಾ?"

"ಜೈನಬಮ್ಮನಾ? ಬಂದಿದ್ದರು. ನೀವು ಕೂತ ಕುರ್ಚಿಯಲ್ಲೇ ಕೂತಿದ್ದರು."

"ಹುಡುಗಿಯಲ್ಲಿ ಎಂತ ಕೇಳಿದ್ರು?"

"ಅವರಿಗೆ ಗಂಟಲು ಸರಿ ಇರಲಿಲ್ಲ. ಮಾಸ್ಕ್ ಹಾಕಿಕೊಂಡಿದ್ದರು. ಎಲ್ಲ ಕೇಳಿಸಿಕೊಂಡರು. ಒಳ್ಳೆಯ ಹೆಂಗಸು, ಪಾಪ."

"ಬಂದದ್ದು ಹೇಗೆ?"

"ನಮ್ಮದೇ ಗಾಡಿ ಕಳಿಸಿದ್ದು."

"ಪಾಣೆಮಂಗಳೂರಿಗೆ?"

ಅವರು ಪೆನ್ನು ಎತ್ತಿಕೊಂಡರು, ಮತ್ತೆ ಇಟ್ಟರು. "ಗಾಡಿಯ ವಿಷಯ ಆಫೀಸಿನವರು ನೋಡ್ತಾರೆ."

"ಗಂಡ ತೀರಿಹೋದದ್ದರ ಬಗ್ಗೆ ಎಂತಾದರೂ ಮಾತಾಡಿದ್ರಾ?"

"ಹೌದೌದು. ನಾನು ಸಮಾಧಾನ ಹೇಳಿದೆ. ಅವರು ತಲೆ ತಗ್ಗಿಸಿ ಕೂತರು. ಅಬ್ದುಲ್ ರಹಿಮಾನ್ ಅಂದರೆ ಊರಿಗೇ ಬೇಕಾದವರು ಅಲ್ವಾ?"

ಅಬ್ಬಬ್ಬಾ! ಇಲ್ಲದ ಹೆಂಗಸಿಗೆ ಸಮಾಧಾನ ಬೇರೆ. ಇವರ ಪಾಠ ಕೇಳಿದ ಮಕ್ಕಳ ಇತಿಹಾಸ ಜ್ಞಾನ ನೆನೆದು ನನಗೆ ಕನಿಕರವಾಯಿತು.

"ಮೇಡಂ, ಆ ಸಮಯ ಜೈನಬಮ್ಮ ಇದ್ದತ್ ಕೂತಿದ್ರು. ಗಂಡ ತೀರಿದ ಮೇಲೆ ಅವರು ಮನೆ ಬಿಟ್ಟು ಹೊರಗೆ ಬರುವ ಹಾಗಿಲ್ಲ. ಬೆಳಿಗ್ಗೆ ನಾನು ಅವರಲ್ಲೇ ಮಾತಾಡಿ ಬಂದೆ. ಬರಲಿಲ್ಲ ಅಂತ ನಾಳೆ ನಿಮ್ಮ ಸಭೆಯಲ್ಲೇ ಹೇಳ್ತಾರಂತೆ."

ಅವರ ಮುಖದ ಬಣ್ಣ ಹೋಯಿತು. ನಾನು ಕಾದೆ. ಠಾಣೆಯಲ್ಲಿ ಕಲಿತ ಒಂದೇ ಒಳ್ಳೆಯ ವಿದ್ಯೆ ಅದು, ಕಾಯುವುದು.

"ಅದು ನಮಗೂ ಗೊತ್ತಿತ್ತು," ಎಂದರು ಕೊನೆಗೆ. "ಅವರಿಗೆ ಬರಲಿಕ್ಕೆ ಆಗುವುದಿಲ್ಲ ಅಂತ ಗೊತ್ತಿದ್ದದ್ದಕ್ಕೇ... ಮನೆಯಿಂದ ಒಬ್ಬರು ಬಂದಿದ್ದರಲ್ಲ!"

"ಎಂತ?"

"ಅವರಿಗೆ ಆಗದಿದ್ದರೆ ಅವರ ಮನೆಯಿಂದ ಒಬ್ಬರನ್ನು ಕರೆಸುವ ಅಂತ ಶೇಖರರು ಹೇಳಿದ್ದು. ನಮ್ಮ ಕಡೆ ಎಲ್ಲದಕ್ಕೂ ಹಾಗೇ ಅಲ್ವಾ ಶಶಿಪ್ರಭಾ? ಮದುವೆಗೆ, ಸತ್ತವರ ಬೊಜ್ಜಕ್ಕೆ, ಹೊಸ ಮನೆ ಒಕ್ಕಲಿಗೆ. ಯಜಮಾನರಿಗೆ ಪುರುಸೊತ್ತಿಲ್ಲದಿದ್ದರೆ ಮನೆಯಿಂದ ಒಬ್ಬರು ಬಂದು ಹೋದರೆ ಬಂದ ಹಾಗೇ. ಯಾರೂ ತಪ್ಪು ತಿಳಿಯುವುದಿಲ್ಲ."

ಅವರು ಅದನ್ನು ನಿಜವಾಗಿಯೂ ನಂಬಿ ಹೇಳುತ್ತಿದ್ದರು. ನನಗೆ ಸಿಟ್ಟು ನೆತ್ತಿಗೇರಿತು.

"ಇದು ಬೊಜ್ಜದ ಊಟವಾ ಮೇಡಂ? ಬಂದು, ಉಂಡು, ವೀಳ್ಯ ಹಾಕಿಕೊಂಡು ಹೋಗಲಿಕ್ಕೆ? ಒಂದು ಹುಡುಗಿ ಮಾನ ಬಿಟ್ಟು ಬಾಯಿ ತೆರೆದಿದ್ದಾಳೆ. ಅವಳ ಎದುರು ನೀವು ಸುಳ್ಳು ಹೆಸರಿನ ಒಬ್ಬಳನ್ನು ಕೂರಿಸಿದಿರಿ!"

"ಮೆಲ್ಲ ಮಾತಾಡಿ, ಹೊರಗೆ ಕೇಳ್ತದೆ."

"ಅಕ್ಷಿತಾಳ ಹೆಸರು ಹೊರಗೆ ಹೋದಾಗ ನಿಮಗೆ ಈ ಜಾಗ್ರತೆ ಇರಲಿಲ್ಲ."

"ಅದು ನಾನಲ್ಲ!" ಅವರು ಎದ್ದು ನಿಂತರು. "ದೇವರಾಣೆ, ನಾನಲ್ಲ. ಅವತ್ತು ಸಂಜೆ ಶೇಖರರು ಫೋನ್ ಮಾಡಿದಾಗ ಅವರಿಗೆ ಹೆಸರು ಆಗಲೇ ಗೊತ್ತಿತ್ತು. ಬಂದವಳಲ್ಲಿ ಕೇಳಿರಬೇಕು. ಅವಳು ಹೇಳದೆ ಎಂತ ಮಾಡ್ತಾಳೆ? ಅವಳ ಅನ್ನ ಅವರ ಕೈಯಲ್ಲಿ."

"ನಿಮ್ಮದು?"

"ನನ್ನದೂ." ಅವರು ಕೂತರು. ಕಣ್ಣಲ್ಲಿ ನೀರು ಬಂದಿತ್ತು. ನನಗೆ ಮರುಕ ಬರಲಿಲ್ಲ, ಬರಬೇಕಿತ್ತೇನೋ. "ಕಾಲು ಶತಮಾನ ಇಲ್ಲಿ ಪಾಠ ಮಾಡಿದ್ದೇನೆ. ನಿವೃತ್ತಿಗೆ ಸ್ವಲ್ಪವೇ ಉಳಿದದ್ದು. ನಾನು ಒಬ್ಬಳು ಎದ್ದು ನಿಂತರೆ ಎಂತ ಆಗ್ತದೆ ಹೇಳಿ?"

"ಒಬ್ಬಳು ಹುಡುಗಿಗೆ ಡಿಗ್ರಿ ಸಿಗ್ತದೆ. ಸಾಬೀತಾಗದ ದೂರು ಬೇರೆ, ಸುಳ್ಳು ದೂರು ಬೇರೆ ಅಂತ ನಿಯಮದಲ್ಲೇ ಬರೆದಿದೆ. ನೀವು ಓದಿದವರು. ಗೊತ್ತಿದ್ದೂ ಸಹಿ ಹಾಕಿದ್ರಿ."

ಅವರು ಮೇಜಿನ ಮೇಲಿನ ಕಾಗದಗಳನ್ನು ಜೋಡಿಸತೊಡಗಿದರು.

"ಬಂದವಳು ಯಾರು?"

"ನಾನು ಹೆಸರು ಹೇಳುವುದಿಲ್ಲ. ಅವಳ ಕೆಲಸ ಈ ವರ್ಷ ಪರ್ಮನೆಂಟ್ ಆಗ್ಲಿಕ್ಕುಂಟು. ಪಾಪದ್ದು, ಸುಮ್ಮನೆ ಕೂತು ಬಾ ಅಂದರು, ಬಂದಳು."

ಹೆಸರು ಹೇಳುವ ಅಗತ್ಯ ಇನ್ನೆಲ್ಲಿ? ಆ ಮನೆಯಿಂದ ಹೊರಗೆ ಹೋಗಿ ಬರುವ ಹೆಂಗಸು ಆಗ ಒಬ್ಬಳೇ. ಬೆಳಿಗ್ಗೆ ನಾನು ಕುಡಿದ ಚಾ ಅವಳು ಮಾಡಿದ್ದು.

*

ಕಾರು ಪಾಣೆಮಂಗಳೂರಿನ ದಾರಿಯಲ್ಲಿ ಸಿದ್ಧಕಟ್ಟೆ ದಾಟಿತು. ಸುಪ್ರೀತಾ ಪಕ್ಕದಲ್ಲಿ ಕೂತು ದುಪಟ್ಟಾದ ತುದಿಯನ್ನು ಬೆರಳಿಗೆ ಸುತ್ತುತ್ತಿದ್ದಳು.

"ಗೊತ್ತಾಯ್ತಾ ಮೇಡಂ, ಯಾರು ಅಂತ?"

"ಗೊತ್ತಾಯ್ತು. ಆದರೆ ನಿನಗೆ ಬೇಕಾದದ್ದು ಅವಳಲ್ಲ. ಜೈನಬಮ್ಮ ತಾನು ಬರಲಿಲ್ಲ ಅಂತ ಹೇಳಿದರೆ ಸಾಕು. ಈಗಲೇ ಒಂದು ಹೇಳಿಕೆ ಬರೆಸಿ ಸಹಿ ಹಾಕಿಸಿಕೊಳ್ಳುವ."

"ಅವರು ಖಂಡಿತ ಹೇಳ್ತಾರಾ?"

"ನನಗೆ ಅವರು ಎಷ್ಟು ವರ್ಷದಿಂದ ಗೊತ್ತು! ಸಾಯ್ತಾರೆ, ಸುಳ್ಳು ಹೇಳುವುದಿಲ್ಲ."

ಹುಡುಗಿ ಕಿಟಕಿಯ ಕಡೆ ತಿರುಗಿದಳು. "ಅಮ್ಮ ನನ್ನಲ್ಲಿ ಮಾತಾಡುವುದು ಬಿಟ್ಟಿದ್ದಾರೆ ಮೇಡಂ. ಟಿ.ಸಿ. ಬಂದರೆ ಊರಿಗೆಲ್ಲ ನಾನೇ ಸುಳ್ಳಿ. ಆ ಸರ್ ನಾಳೆಯೂ ಪಾಠ ಮಾಡ್ತಾರೆ. ಅಕ್ಷಿತಾ ಅದೇ ಕ್ಲಾಸಿನಲ್ಲಿ ಕೂರ್ತಾಳೆ. ನಾನೇ ಅಲ್ವಾ ಅವಳ ಹೆಸರು ಹೇಳಿದ್ದು?"

"ನೀನು ಹೇಳಿದ್ದು ಸರಿ ಜಾಗದಲ್ಲೇ. ಜಾಗ ಹಾಳಾಗಿತ್ತು, ಅಷ್ಟೇ," ಎಂದೆ. ಅದಕ್ಕಿಂತ ಒಳ್ಳೆಯ ಸಮಾಧಾನ ನನ್ನಲ್ಲಿರಲಿಲ್ಲ.

ಪಾಣೆಮಂಗಳೂರಿನ ಮನೆಯ ಜಗಲಿಯಲ್ಲಿ ಜೈನಬಮ್ಮ ಕೂತಿದ್ದರು. ಬೆಳಿಗ್ಗೆ ಬಂದಾಗ ಗೇಟಿನವರೆಗೆ ಬಂದು ಕೈ ಹಿಡಿದು ಕರೆದುಕೊಂಡು ಹೋಗಿದ್ದರು. ಈಗ ಕೂತಲ್ಲಿಂದ ಏಳಲಿಲ್ಲ. ಒಳಬಾಗಿಲಲ್ಲಿ ಸಬೀಹಾ ನಿಂತಿದ್ದಳು. ಅತ್ತು ಅತ್ತು ಮುಖ ಊದಿತ್ತು.

ಹೇಳಬೇಕಾದದ್ದನ್ನು ಸೊಸೆ ಅತ್ತೆಗೆ ಹೇಳಿ ಆಗಿದೆ ಎಂದು ನನಗೆ ತಿಳಿಯಿತು. ಒಳ್ಳೆಯದೇ ಆಯಿತು, ನನ್ನ ಬಾಯಿಂದ ಬರುವುದು ತಪ್ಪಿತು ಎಂದುಕೊಂಡೆ.

"ಇವಳೇ ಸುಪ್ರೀತಾ," ಎಂದೆ.

ಜೈನಬಮ್ಮ ಹುಡುಗಿಯನ್ನು ನೋಡಿದರು, ಕೂಡಲೇ ಕಣ್ಣು ತೆಗೆದರು.

"ಶಶಿಪ್ರಭಾ, ಬೆಳಿಗ್ಗೆ ನಾನು ನಿಮ್ಮಲ್ಲಿ ಹೇಳಿದ್ದು ಸರಿಯಲ್ಲ. ನನಗೆ ನೆನಪು ತಪ್ಪಿತ್ತು."

"ಯಾವ ನೆನಪು?"

"ಆ ವಿಚಾರಣೆಗೆ ನಾನು ಹೋಗಿದ್ದೆ."

ರಸ್ತೆಯಲ್ಲಿ ಮೀನಿನ ಗಾಡಿಯವನು ಹಾರ್ನ್ ಹೊಡೆಯುತ್ತಾ ಹೋದ.

"ಜೈನಬಮ್ಮ," ಎಂದೆ. "ನೀವು ಇದ್ದತ್ ಕೂತಿದ್ದಿರಿ."

"ಕೂತಿದ್ದೆ. ಅದನ್ನು ಮುರಿದು ಅಲ್ಲಿಗೆ ಹೋದೆ."

"ನಿಮ್ಮ ಗಂಡನ ಹೆಸರಿನಲ್ಲಿ ಕೂತದ್ದು ಅದು."

"ಹೌದು. ಮಸೀದಿಯ ಜಮಾಅತಿನವರು ಕೇಳಿದರೂ ಅದನ್ನೇ ಹೇಳ್ತೇನೆ. ಖದೀಜ ಜುಬೈಲಿನಿಂದ ಫೋನ್ ಮಾಡಿ ಉಮ್ಮ ಹಾಗೆ ಮಾಡಿದ್ರಾ ಅಂತ ಕೇಳಿದರೆ, ನನ್ನ ಮಗಳಿಗೂ ಅದನ್ನೇ ಹೇಳ್ತೇನೆ. ನಾನು ನಲುವತ್ತು ವರ್ಷ ಒಟ್ಟಿಗೆ ಬದುಕಿದ ಮನುಷ್ಯ. ಅವರು ನನ್ನನ್ನು ಕ್ಷಮಿಸಿಯಾರು. ಊರು ಕ್ಷಮಿಸುವುದಿಲ್ಲ, ಬೇಡ."

ಆಗ ನನಗೆ ಅರ್ಥವಾಯಿತು ಅವರು ಎಂತ ಮಾಡಿದ್ದಾರೆಂದು. ಬೇರೆಯವಳ ಹೆಸರಿನಲ್ಲಿ ಹೋಗಿ ಕೂತರೆ ಅದು ಪೊಲೀಸ್ ಕೇಸು. ಸೊಸೆ ಸಿಕ್ಕಿಬೀಳಬಾರದು ಎಂದು ಈ ಹೆಂಗಸು ತನ್ನ ಜೀವಮಾನದ ಮಾನವನ್ನೇ ತೆಗೆದು ಎದುರಿಗಿಟ್ಟಿದ್ದರು. ತನ್ನದು ಮಾತ್ರ ಇಟ್ಟಿದ್ದರೆ ನಾನು ಕೈ ಮುಗಿಯುತ್ತಿದ್ದೆ. ಅದರ ಜೊತೆಗೆ ಸುಪ್ರೀತಾಳದ್ದನ್ನೂ ಇಟ್ಟುಬಿಟ್ಟರು.

"ನಾಳೆ ಸಭೆಗೆ ಬರ್ತೇನೆ ಅಂತ ಹೇಳಿದ್ರಿ," ಎಂದೆ.

"ಬರ್ತೇನೆ. ಹಾಜರಿದ್ದೆ ಅಂತ ಹೇಳ್ತೇನೆ. ಕಾಲೇಜಿನವರು ಗಾಡಿ ಕಳಿಸ್ತಾರಂತೆ."

"ಎಷ್ಟು ಬೇಗ ಫೋನ್ ಬಂತು ಅವರದ್ದು!"

"ಬಾಸಿತ್‌ಗೆ ಅಲ್ಲಿ ಕೆಲಸ ಹೋಗಿದೆ, ಶಶಿಪ್ರಭಾ. ನಾನು ಯಾರಲ್ಲೂ ಹೇಳಿರಲಿಲ್ಲ. ಈ ಮನೆಯಲ್ಲಿ ಉಳಿದದ್ದು ಇವಳ ಕೆಲಸ ಒಂದೇ. ಇವಳ ಮೇಲೆ ಕೇಸು ಬಿದ್ದರೆ ಮತ್ತೆ ಯಾವ ಶಾಲೆಯವರು ಒಳಗೆ ಸೇರಿಸ್ತಾರೆ? ನಿಮಗೆ ಗೊತ್ತಾಗುವುದಿಲ್ಲ."

"ನನಗೆ ಗೊತ್ತಾಗ್ತದೆ," ಎಂದಳು ಸುಪ್ರೀತಾ.

ಅವಳು ಮಾತಾಡಿದ್ದೇ ಆಗ. ಜಗಲಿಯ ಮೆಟ್ಟಿಲು ಹತ್ತಿ ಜೈನಬಮ್ಮನ ಎದುರು ಬಂದು ನಿಂತಳು. ಸಿಟ್ಟಿರಲಿಲ್ಲ ಅವಳಲ್ಲಿ. ಇದ್ದಿದ್ದರೆ ನನಗೆ ಇಷ್ಟು ಸಂಕಟವಾಗುತ್ತಿರಲಿಲ್ಲ.

"ನೀವೇ ಬಂದಿದ್ದರೆ ನಾನು ಅಲ್ಲಿ ಎಂತ ಹೇಳಿದೆ ಅಂತ ನಿಮಗೆ ಗೊತ್ತುಂಟಲ್ಲ? ಹೇಳಿ. ಆ ಸರ್ ಬಾಗಿಲು ಹಾಕಿದ ಮೇಲೆ ನನ್ನಲ್ಲಿ ಎಂತ ಹೇಳಿದ್ರು? ಅದನ್ನು ನಾನು ಮನೆಯಲ್ಲೂ ಹೇಳಲಿಲ್ಲ. ಈ ಮೇಡಂನಲ್ಲೂ ಹೇಳಲಿಲ್ಲ. ಅಲ್ಲಿ ಒಮ್ಮೆ ಹೇಳಿದ್ದು, ಅಷ್ಟೇ. ಅವರು ಅದನ್ನು ವರದಿಯಲ್ಲಿ ಬರೆಯಲೂ ಇಲ್ಲ."

ಇಂಥ ಎಷ್ಟೋ ಹುಡುಗಿಯರ ತಲೆ ಸವರಿದ ಜೈನಬಮ್ಮನ ಕೈ ಸೀರೆಯ ಸೆರಗನ್ನು ಬಿಗಿಯಾಗಿ ಹಿಡಿದುಕೊಂಡು ಮಡಿಲಲ್ಲೇ ಉಳಿಯಿತು.

ಸುಪ್ರೀತಾ ಒಳಬಾಗಿಲ ಕಡೆ ತಿರುಗಿದಳು. ಸಬೀಹಾಳ ಕಣ್ಣುಗಳನ್ನು ನೇರವಾಗಿ ನೋಡಿದಳು. ಮಾಸ್ಕ್‌ನ ಮೇಲಿನಿಂದ ಅವತ್ತು ಇಡೀ ಹೊತ್ತು ನೋಡಿದ ಕಣ್ಣುಗಳು. ಗುರುತು ಹಿಡಿಯಲು ತಡವಾಗಲಿಲ್ಲ.

"ಟೀಚರ್, ನೀವು ಹೇಳ್ತೀರಾ?"

"ಒಳಗೆ ಹೋಗು ಸಬೀಹಾ," ಎಂದರು ಜೈನಬಮ್ಮ.

ಸಬೀಹಾ ಅತ್ತೆಯನ್ನು ನೋಡಿದಳು, ಹುಡುಗಿಯನ್ನು ನೋಡಿದಳು.

"ಹೋಗು ಅಂದೆ ಅಲ್ವಾ?" ಜೈನಬಮ್ಮನ ಸ್ವರ ಒಡೆಯಿತು. "ನನ್ನ ಮಗನ ಆಣೆ ಉಂಟು, ಒಳಗೆ ಹೋಗು!"

ಸಬೀಹಾ ಒಳಗೆ ಹೋಗಲಿಲ್ಲ. ಬಾಗಿಲ ದಾರಂದ ಹಿಡಿದುಕೊಂಡು, "ಬಾಗಿಲು ಹಾಕಿದ ಮೇಲೆ ಆ ಸರ್ ಹೇಳಿದ್ದು ಇದು," ಎಂದು ಶುರು ಮಾಡಿದಳು.